ಇವರ 'ಮೈಟ್', ನಮ್ಮ 'ಬೇಕು'

ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಇಂಗ್ಲಿಷ್ ಸುಲಭ. ಕ್ಯಾನ್‌ಗೆ ಭೂತಕಾಲ ಕುಡ್, ವಿಲ್‌ಗೆ ವುಡ್, ಮೇಗೆ ಮೈಟ್. ಪಟ್ಟಿ ಬಾಯಿಪಾಠ ಆದರೆ ಮುಗೀತು. ಇಂಗ್ಲೆಂಡಿಗೆ ಬಂದ ಮೇಲೆ ಆ ಪಟ್ಟಿ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. 'ಕುಡ್ ಯೂ ಸೆಂಡ್ ಇಟ್' ಅಂದರೆ ನಿನ್ನೆಯ ಮಾತಲ್ಲ, ಈಗಲೇ ಕಳಿಸಿ ಅಂತ. 'ಕ್ಯಾನ್ ಯೂ'ಗಿಂತ ಸ್ವಲ್ಪ ಮೆತ್ತಗೆ, ಅಷ್ಟೇ.

ಹೊಸಬರು ಎಡವುವುದು ಮೈಟ್ ಹತ್ತಿರ. ಮ್ಯಾನೇಜರ್ 'ಯೂ ಮೈಟ್ ವಾಂಟ್ ಟು ಚೆಕ್ ದಿಸ್' ಅನ್ನುತ್ತಾರೆ. ಮನಸ್ಸಿದ್ದರೆ ನೋಡಬಹುದು ಅಂತ ನಮ್ಮವರು ಸುಮ್ಮನಾಗುತ್ತಾರೆ. ಬಹಳ ಸಲ ಅದು 'ತಪ್ಪಿದೆ, ಸರಿಮಾಡಿ' ಅನ್ನೋ ಮಾತು. ಇನ್ನೊಂದು ಕಡೆ, 'ಯೂ ಮಸ್ಟ್ ಕಮ್ ಫಾರ್ ಡಿನ್ನರ್ ಸಮ್‌ಟೈಮ್' ಅಂತಾರೆ. ಮಸ್ಟ್ ಇದೆ ಅಂತ ಆ ವಾರವೇ ಸಿಹಿ ಡಬ್ಬಿ ಹಿಡಿದು ಹೊರಡಬೇಡಿ. ದಿನ, ಹೊತ್ತು ಹೇಳುವ ತನಕ ಅದು ಬರೀ ಸೌಜನ್ಯ.

ನಮ್ಮಲ್ಲಿ ಹಾಗಲ್ಲ. 'ನೀವು ಮದುವೆಗೆ ಬರಲೇಬೇಕು' ಅಂದರೆ ಬರಲೇಬೇಕು, ಬಾರದಿದ್ದರೆ ಎದುರು ಸಿಕ್ಕಾಗಲೆಲ್ಲ ಕೇಳಿಸಿಕೊಳ್ಳಬೇಕು. ನಮ್ಮ 'ಬೇಕು'ವಿನಲ್ಲಿ ಒತ್ತಾಯವೂ ಇದೆ, ಮರ್ಯಾದೆಯೂ ಇದೆ. 'ತಾವು ದಯಮಾಡಿಸಬೇಕು' ಅನ್ನುವಾಗ ಯಾರೂ ಅದನ್ನು ಆಜ್ಞೆ ಅಂದುಕೊಳ್ಳಲ್ಲ, ಅಲ್ವಾ? ಆದರೆ ಇದೇ ಧಾಟಿಯಲ್ಲಿ 'ಯೂ ಮಸ್ಟ್ ಸೆಂಡ್ ದ ಫೈಲ್ ಟುಡೇ' ಅಂತ ಇಮೇಲ್ ಬರೆದರೆ, ಇಲ್ಲಿ ಓದಿದವರ ಮುಖ ಗಂಟಾಗುತ್ತದೆ. ನಮ್ಮ ಮರ್ಯಾದೆ 'ನೀವು', 'ತಾವು', 'ಬನ್ನಿ' ಅನ್ನೋದರಲ್ಲೇ ಬಂದುಬಿಡುತ್ತದೆ. ಇಂಗ್ಲಿಷಿನ 'ಯೂ' ಎಲ್ಲರಿಗೂ ಒಂದೇ. ಹಾಗಾಗಿ ಆ ಕೆಲಸದಲ್ಲಿ ಜಾಸ್ತಿ ಪಾಲು ಕುಡ್, ವುಡ್‌ಗಳ ಮೇಲೆ ಬೀಳುತ್ತದೆ ಅಂತ ನನ್ನ ಲೆಕ್ಕ.

ಇದೇ ಜನ ಬೇಕಾದಾಗ ಬಲು ಖಡಕ್ಕಾಗಿಯೂ ಬರೆಯುತ್ತಾರೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ 'ಹೈವೇ ಕೋಡ್' ನೋಡಿ. ಮೊದಲು ಬಂದದ್ದು 1931ರಲ್ಲಿ. ಈಗಿನ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ 'ಮಸ್ಟ್' ಅಂತಿದ್ದರೆ ಅದು ಕಾನೂನು, ಮೀರಿದರೆ ಅಪರಾಧ. 'ಶುಡ್' ಅಂತಿದ್ದರೆ ಸಲಹೆ. ಮೀರಿದ್ದಕ್ಕೇ ಕೇಸು ಬೀಳಲ್ಲ, ಆದರೆ ಅಪಘಾತವಾದರೆ ಕೋರ್ಟಿನಲ್ಲಿ ಅದನ್ನೂ ಎತ್ತಬಹುದು. ಊರೊಳಗೆ ಗಾಡಿ ಓಡಿಸುವಾಗ ರಾತ್ರಿ 11.30ರಿಂದ ಬೆಳಿಗ್ಗೆ 7ರ ತನಕ ಹಾರ್ನ್ ಹೊಡೆಯಬಾರದು ಅನ್ನೋದು 'ಮಸ್ಟ್ ನಾಟ್'. ಬೇರೆಯವರಿಂದ ಅಪಾಯ ಎದುರಾದರೆ ಮಾತ್ರ ವಿನಾಯಿತಿ. ಗಾಡಿ ಇನ್ನೊಂದು ರಸ್ತೆಗೆ ತಿರುಗಿಸುವಾಗ ಅಲ್ಲಿ ದಾಟಲು ಕಾಯುತ್ತಿರುವವರಿಗೆ ದಾರಿ ಬಿಡಿ ಅಂತ 2022ರಲ್ಲಿ ಸೇರಿಸಿದ ನಿಯಮ ಬರೀ 'ಶುಡ್'. ಈ ಪುಸ್ತಕ ಬರೆದವರೇ ಆಫೀಸಿನ ಇಮೇಲನ್ನೂ ಬರೆಯಬಾರದಿತ್ತೇ ಅನ್ನಿಸುತ್ತದೆ.

ಮಕ್ಕಳಿಗೆ ಕಲಿಸುವಾಗ ಕಾಲದ ಪಟ್ಟಿ ಬಿಟ್ಟು, ಯಾರು ಯಾರಿಗೆ ಎಷ್ಟು ಬಿಗಿಯಾಗಿ ಹೇಳುತ್ತಿದ್ದಾರೆ ಅಂತ ಶುರುಮಾಡಿದರೆ ವಾಸಿ. ಕನ್ನಡದಿಂದಲೇ ಶುರುಮಾಡಬಹುದು. 'ಬರಬಾರದು' ಬೇರೆ, 'ಬರಬೇಕಿಲ್ಲ' ಬೇರೆ ಅಂತ ಮಗುವಿಗೂ ಗೊತ್ತು. ಮೊದಲನೆಯದು 'ಮಸ್ಟ್ ನಾಟ್', ಎರಡನೆಯದು 'ಡೋಂಟ್ ಹ್ಯಾವ್ ಟು'. ಇವೆರಡು ಅದಲುಬದಲಾದರೆ, 'ನಾಳೆ ಬರಬೇಕಿಲ್ಲ, ರಜೆ ತಗೋ' ಅನ್ನಲು ಹೋದವರು 'ಬರಲೇಬಾರದು' ಅಂತ ಬಾಗಿಲು ಹಾಕಿದಂತೆ ಕೇಳಿಸುತ್ತದೆ.

ನಮ್ಮವರ 'ವುಡ್' ಮೋಹ ಬೇರೆಯೇ ಇದೆ. 'ಐ ವುಡ್ ಬಿ ಕಮಿಂಗ್ ಟುಮಾರೋ' ಅಂತ ಬರೆಯುತ್ತೇವೆ, ಕೇಳೋಕೆ ವಿನಯವಾಗಿದೆ ಅಂತ. ಇಲ್ಲಿಯವರು ಮುಂದೆ ಒಂದು 'ಆದರೆ' ಬರುತ್ತೆ ಅಂತ ಕಾಯುತ್ತಾರೆ. ಬರೋದು ಖಚಿತವಾಗಿದ್ದರೆ ಸುಮ್ನೆ 'ಐ ವಿಲ್' ಅನ್ನಿ.