ಅಸೆಂಬ್ಲಿನೇ ಹೋಗಿದೆ ಸಾರ್

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇದನ್ನ ಬರೆದು ಮುಗಿಸಿದರೆ ಮಧ್ಯಾಹ್ನದ ಊಟವಾದರೂ ಸೇರಬಹುದು.

ಚಿಕ್ಕಪ್ಪನ ಕಾರಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಲು ಚಿಕ್ಕಮಗಳೂರಿಗೆ ಹೋಗಿದ್ದೆ. ಯಾವ ಸರ್ವಿಸ್ ಸೆಂಟರ್ ಅಂತ ಕೇಳಬೇಡಿ, ಹೇಳಲ್ಲ. ಅಲ್ಲಿ ಮಿಷನ್‌ನಿಂದ ಒಂದು ಲೋಟ ಕಾಫಿ ಕೊಟ್ಟರು. ಕಾಫಿ ನಾಡಿನಲ್ಲಿ ಕೂತು ಆ ಬಿಸಿನೀರಿಗೆ ಕಾಫಿ ಅನ್ನೋಕೂ ಧೈರ್ಯ ಬೇಕು. ಅದು ಬಿಡಿ, ಇನ್ನೊಂದು ಜಗಳ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ. ಯಾವುದೋ ಆಸ್ಪತ್ರೆಯಲ್ಲಿ ನರ್ಸ್. ಅವಳ ಕಾರು ಸೆಲ್ಫ್ ಹೊಡೆಯುತ್ತೆ, ಎಂಜಿನ್ ಹಿಡಿಯಲ್ಲ. ಟೈ ಕಟ್ಟಿಕೊಂಡಿದ್ದ ಹುಡುಗ ಟ್ಯಾಬ್ ಹಿಡಿದು ಬಂದ. 'ಫ್ಯೂಯಲ್ ಪಂಪ್ ಹೋಗಿದೆ ಮೇಡಂ. ಅಸೆಂಬ್ಲಿನೇ ಬದಲಾಯಿಸಬೇಕು. ಪಾರ್ಟು, ಲೇಬರ್, ಟ್ಯಾಕ್ಸ್ ಸೇರಿ 13,800.' ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳೋ ಪಂಪ್ ಅದು. ಅಸೆಂಬ್ಲಿ ಅಂದರೆ ಆ ಪಂಪ್ ಕೂತಿರೋ ಇಡೀ ಡಬ್ಬ.

ನನಗೆ ಬಾಯಿ ಮುಚ್ಚಿಕೊಂಡು ಕೂರಲು ಬರಲ್ಲ ಅಂತ ನಿಮಗೆಲ್ಲಾ ಗೊತ್ತಲ್ಲ. 'ಪಂಪ್‌ಗೆ ಕರೆಂಟ್ ಬರ್ತಿದ್ಯಾ ಅಂತ ನೋಡಿದ್ರಾ?' ಅಂದೆ. ಆ ಹುಡುಗ ನನ್ನ ಹವಾಯಿ ಚಪ್ಪಲಿ ನೋಡಿದ. ಆಮೇಲೆ ಮುಖ ನೋಡಿದ. 'ಸ್ಕ್ಯಾನರ್ ಹಾಕಿದೀವಿ ಸಾರ್' ಅಂದ.

ಸ್ಕ್ಯಾನರ್! ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದೋ ಡಬ್ಬಿ ಅಷ್ಟೇ. ಫ್ಯೂಸ್ ನೋಡಿಲ್ಲ. ಪಂಪಿಗೆ ಕರೆಂಟ್ ಬಿಡೋ ಸ್ವಿಚ್ಚು, ಅದೇ ರಿಲೇ, ನೋಡಿಲ್ಲ. ಒಂದು ಟೆಸ್ಟ್ ಬಲ್ಬ್ ಹಿಡಿದು ಪಂಪಿನ ಕನೆಕ್ಟರ್‌ಗೆ 12 ವೋಲ್ಟ್ ಬರ್ತಿದೆಯೋ ಇಲ್ಲವೋ ನೋಡಿಲ್ಲ. ಬರ್ತಿಲ್ಲ ಅಂದರೆ ತಪ್ಪು ವೈರಿಂಗಿನದು, ಪಂಪ್ ಹೊಸದು ಹಾಕಿದರೂ ತಿರುಗಲ್ಲ. ಬರ್ತಿದ್ದೂ ತಿರುಗ್ತಿಲ್ಲ ಅಂದರೆ ಆಗ ಪಂಪ್ ಮೇಲೆ ಅನುಮಾನ ಪಡಿ, ಅದೂ ಅರ್ಥಿಂಗ್ ಸರಿ ಇದೆಯಾ ಅಂತ ನೋಡಿ ಆದಮೇಲೆ. ಐದು ನಿಮಿಷದ ಕೆಲಸ. ಅಸೆಂಬ್ಲಿ ಬದಲಾಯಿಸಲು ನಮಗೆ ಐದು ವರ್ಷಕ್ಕೊಮ್ಮೆ ಓಟು ಕೊಟ್ಟಿದ್ದಾರೆ, ಇವರು ವಾರಕ್ಕೆ ನಾಲ್ಕು ಬದಲಾಯಿಸ್ತಾರೆ.

ಇಷ್ಟು ಉರಿ ಯಾಕೆ ಅಂದರೆ, ಮಾರ್ಚ್‌ನಲ್ಲಿ ಇದೇ ಮಾತು ನನಗೂ ಹೇಳಿದ್ದರು. ಇದೇ ಊರಲ್ಲಿ, ಬೇರೆ ಟೈ.

ನಮ್ಮ ಹದಿನಾರು ವರ್ಷದ ಹಳೇ ಕಾರು ಆಲ್ದೂರು ರಸ್ತೆಯಲ್ಲಿ ನಿಂತುಬಿಟ್ಟಿತ್ತು. ಹಿಂದೆ ಎರಡು ಮೂಟೆ ಗೊಬ್ಬರ, ಪಕ್ಕದಲ್ಲಿ ಅಮ್ಮ. ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡ್ 'ಗುಯ್' ಅಂತ ಸಣ್ಣ ಸದ್ದು ಬರಬೇಕು. ಪಂಪ್ ತಿರುಗಿ ಪೈಪಿನಲ್ಲಿ ಪ್ರೆಷರ್ ಕಟ್ಟೋ ಸದ್ದು ಅದು. ಅವತ್ತು ಬರಲಿಲ್ಲ. ಎದುರಿಂದ ಒಂದು ಜೀಪ್ ಬಂತು, ಹಿಂದೆ ತೋಟದ ಆಳುಗಳು. ಡ್ರೈವರ್ ಇಳಿದ. ಬಾನೆಟ್ ಎತ್ತಲೇ ಇಲ್ಲ. ಕೀ ಆನ್ ಮಾಡಿ ಕಿವಿ ಕೊಟ್ಟ. ಚಪ್ಪಲಿ ಬಿಚ್ಚಿ, ಕಾರಿನಡಿ ಕೈ ಹಾಕಿ, ಟ್ಯಾಂಕಿನ ತಳಕ್ಕೆ ನಾಲ್ಕು ಬಾರಿಸಿದ. 'ಈಗ ಸೆಲ್ಫ್ ಹೊಡೀರಿ' ಅಂದ. ಹಿಡಿಯಿತು!

'ಪಂಪಿನ ಮೋಟರಿಗೆ ಕರೆಂಟ್ ಮುಟ್ಟಿಸೋ ಬ್ರಷ್ ಸವೆದಿರುತ್ತೆ ಅಣ್ಣ. ಏಟು ಬಿದ್ರೆ ಒಂದು ಸಲ ತಿರುಗುತ್ತೆ. ಎಷ್ಟು ದಿನ ಅಂತ ಗ್ಯಾರಂಟಿ ಇಲ್ಲ, ಬದಲಾಯಿಸಿ.' ಅಷ್ಟೇ ಹೇಳಿ ಹೋದ. ಚಪ್ಪಲಿ ಹೇಳಿದ್ದನ್ನ ಸ್ಕ್ಯಾನರ್ ಹೇಳಲಿಲ್ಲ. ಆಮೇಲೆ ಕಾರು ಒಯ್ದ ಸರ್ವಿಸ್ ಸೆಂಟರಿನ ಸ್ಕ್ಯಾನರ್‌ನಲ್ಲಿ ಒಂದು ಕೋಡೂ ಬರಲಿಲ್ಲ. ಆದರೂ ತೀರ್ಪು ಮಾತ್ರ ರೆಡಿ: 'ಅಸೆಂಬ್ಲಿನೇ ಹೋಗಿದೆ ಸಾರ್.'

ಏನಿದೆ ಈ ಅಸೆಂಬ್ಲಿಯಲ್ಲಿ? ಟ್ಯಾಂಕಿನೊಳಗೆ ಕೂರೋ ಒಂದು ಪ್ಲಾಸ್ಟಿಕ್ ಡಬ್ಬ. ಮೇಲೆ ಮುಚ್ಚಳ. ಪೆಟ್ರೋಲ್ ಮಟ್ಟ ತೋರಿಸೋ ಒಂದು ತೇಲುಕಡ್ಡಿ. ಕೆಳಗೆ ಬಟ್ಟೆ ಚೀಲದ ಹಾಗಿರೋ ಜಾಲರಿ. ಪ್ರೆಷರ್ ರೆಗ್ಯುಲೇಟರ್. ಮಧ್ಯೆ ಅಂಗೈ ಉದ್ದದ ಮೋಟರ್. ಹೋಗಿರೋದು ಆ ಮೋಟರ್ ಒಂದೇ. ನಮ್ಮ ತೋಟದ ಬೋರ್‌ವೆಲ್ ಮೋಟರ್ ಸುಟ್ಟರೆ ರೀವೈಂಡಿಂಗ್‌ಗೆ ಕೊಡ್ತೀವಿ. 'ಬೋರ್‌ವೆಲ್ಲೇ ಹೋಗಿದೆ, ಹೊಸದು ಕೊರೆಸಿ' ಅಂತ ಯಾರಾದರೂ ಹೇಳಿದರೆ ಗೇಟಿನಿಂದ ಒಳಗೆ ಬಿಡ್ತೀವಾ?

ಅಪ್ಪನ ಮಾರುತಿ 800ರಲ್ಲಿ ಈ ರಗಳೆ ಇರಲಿಲ್ಲ. ಅದು ಕಾರ್ಬೊರೇಟರ್ ಗಾಡಿ. ಪಂಪ್ ಎಂಜಿನ್ ಮೇಲೇ ಕೂತಿರ್ತಿತ್ತು. ಕ್ಯಾಮ್‌ಶಾಫ್ಟ್ ತಳ್ಳಿದ ಹಾಗೆಲ್ಲಾ ಒಳಗಿನ ಡಯಾಫ್ರಾಮ್ ಪೊರೆ ಪೆಟ್ರೋಲ್ ಎಳೆದು ಕೊಡ್ತಿತ್ತು. ಅಪ್ಪ ಅದನ್ನ ಚಾರ್ಮಾಡಿ ಘಾಟಿಯ ತಿರುವಿನಲ್ಲೇ ಬಿಚ್ಚಿ ಹಾಕಿದ್ದು ನನಗೆ ನೆನಪಿದೆ. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಈಗಿನ ಇಂಜೆಕ್ಷನ್ ಗಾಡಿಗಳಿಗೆ ಅಷ್ಟು ಸಾಲಲ್ಲ, ಸುಮಾರು 3 ಬಾರ್ ಪ್ರೆಷರ್ ಬೇಕು. ಅದಕ್ಕೇ ಕರೆಂಟ್ ಪಂಪ್ ಬಂತು. ಎಂಜಿನ್ ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲಬಾರದು ಅಂತ ಅದನ್ನ ಟ್ಯಾಂಕಿನೊಳಗೇ ಮುಳುಗಿಸಿದರು. ಎಂಜಿನಿಯರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು 'ಅಸೆಂಬ್ಲಿ' ಅನ್ನೋ ಪದದ ಮೇಲೆ.

ಮನೆಯಲ್ಲೇ ಹಾಕ್ತೀನಿ ಅಂತ ಹಠಕ್ಕೆ ಬಿದ್ದೆ. ಮೋಟರ್, ಜಾಲರಿ, ಮುಚ್ಚಳದ ರಬ್ಬರ್ ರಿಂಗ್, ಒಳಗಿನ ಮೊಳದಷ್ಟು ಪೈಪ್ ಎಲ್ಲಾ ಸೇರಿ 2,350 ರೂಪಾಯಿ ಆಯ್ತು. ಪೈಪ್ ವಿಷಯದಲ್ಲಿ ಅಂಗಡಿಯವನ ಜೊತೆ ವಾದ ಮಾಡಬೇಕಾಯ್ತು. ಅವನು ಮಾಮೂಲಿ ಫ್ಯೂಯಲ್ ಪೈಪ್ ಕೊಡೋಕೆ ಬಂದ. ಅದು ಒಳಗೆ ಪೆಟ್ರೋಲ್ ಹರಿಯೋಕೆ ಮಾಡಿದ್ದು, ಹೊರಗಿನಿಂದಲೂ ಪೆಟ್ರೋಲಿನಲ್ಲಿ ಮುಳುಗಿರೋಕಲ್ಲ. ಸ್ವಲ್ಪ ದಿನಕ್ಕೆ ಉಬ್ಬಿ, ಮೆತ್ತಗಾಗಿ, ಬಿರಿಯುತ್ತೆ. ಮುಳುಗೋ ಪೈಪೇ ಬೇರೆ. ಪಕ್ಕದಲ್ಲಿ ನಿಂತಿದ್ದವರು 'ಎಲ್ಲಾ ಎಥನಾಲ್ ಮಹಿಮೆ' ಅಂದರು. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಆದಾಗಿನಿಂದ ಕಾರಿಗೆ ಏನಾದರೂ ಅದೇ ಕಾರಣ. ಹಳೇ ರಬ್ಬರಿಗೆ ಎಥನಾಲ್ ಆಗಿಬರಲ್ಲ ಅನ್ನೋದು ಸರಿ, ಅದಕ್ಕೇ ನಾನೂ ಎಥನಾಲ್ ತಡೆಯೋ ರಿಂಗೇ ಕೇಳಿ ತಂದೆ. ಆದರೆ ಹದಿನಾರು ವರ್ಷ ತಿರುಗಿದ ಬ್ರಷ್ ಸವೆದದ್ದಕ್ಕೆ ಎಥನಾಲ್ ಮಾಡೋ ಕಬ್ಬು ಬೆಳೆಯೋರನ್ನ ಯಾಕೆ ಬೈಯೋಣ?

ಭಾನುವಾರ ಸಂಜೆ ಶೆಡ್‌ನಲ್ಲಿ ಶುರು ಮಾಡಿದೆ. ಎಂಜಿನ್ ಓಡ್ತಿರುವಾಗಲೇ ಪಂಪಿನ ರಿಲೇ ಕಿತ್ತೆ. ಪೈಪಿನಲ್ಲಿ ಉಳಿದದ್ದನ್ನ ಕುಡಿದು, ಕೆಮ್ಮಿ, ನಿಂತಿತು. ಪ್ರೆಷರ್ ಇಳಿಸೋಕೆ ಅದೇ ದಾರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ನಾಲ್ಕೂ ಬಾಗಿಲು ತೆರೆದೆ. ಹಿಂದಿನ ಸೀಟ್ ಎತ್ತಿದರೆ ಒಂದು ಸಣ್ಣ ತಗಡಿನ ಮುಚ್ಚಳ, ನಾಲ್ಕು ಸ್ಕ್ರೂ. ಎಲ್ಲಾ ಗಾಡಿಗೂ ಈ ಕಿಂಡಿ ಇರಲ್ಲ. ಕೆಲವಕ್ಕೆ ಟ್ಯಾಂಕನ್ನೇ ಕೆಳಗಿಳಿಸಬೇಕು, ಅಂಥದ್ದಕ್ಕೆ ನಾನೂ ಕೈ ಹಾಕಲ್ಲ. ಕಿಂಡಿ ತೆಗೆದರೆ ಪಂಪಿನ ಮುಚ್ಚಳದ ಸುತ್ತ ಬೆರಳು ದಪ್ಪ ಕೆಮ್ಮಣ್ಣು. ಹಾಗೇ ಬಿಚ್ಚಿದ್ದರೆ ಅಷ್ಟೂ ಟ್ಯಾಂಕಿಗೆ. ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸೋಕೇ ಅರ್ಧ ಗಂಟೆ ಹಿಡಿಯಿತು. ಮುಚ್ಚಳ ಹಿಡಿದಿರೋ ರಿಂಗನ್ನ ಕಬ್ಬಿಣದ ಉಳಿಯಿಂದ ಹೊಡೆಯಬಾರದು, ಕಿಡಿ ಹಾರುತ್ತೆ. ನನ್ನ ಹತ್ತಿರ ಒಣಗಿದ ಕಾಫಿ ಬೊಡ್ಡೆಯ ಗೂಟ ಇತ್ತು. ಅದು ಕಬ್ಬಿಣಕ್ಕಿಂತ ಏನೂ ಕಡಿಮೆ ಇಲ್ಲ. ಗೂಟ ಇಟ್ಟು ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ರಿಂಗ್ 'ಕಿರ್' ಅಂತ ಒಂದು ನೂಲು ಸರಿಯಿತು.

ಅಷ್ಟರಲ್ಲಿ ಬಚ್ಚಲಿನ ಕಡೆಯಿಂದ 'ಚೊಂಯ್' ಅಂತ ದೊಡ್ಡ ಸದ್ದು, ಹೊಗೆ. ಹಿಂದೆಯೇ ಅಮ್ಮನ ಕೂಗು. 'ಲೋ, ಒಲೆ ಉರೀತಿದೆ, ನಿನಗೆ ಬುದ್ಧಿ ಇದ್ಯಾ?'

ನಮ್ಮ ಮನೆ ನೋಡಿದವರಿಗೆ ಗೊತ್ತು. ಶೆಡ್ ಗೋಡೆಯ ಆಚೆಯೇ ಬಚ್ಚಲು. ಸಂಜೆ ಐದಕ್ಕೆ ಹಂಡೆ ಒಲೆಗೆ ಸೌದೆ ಬೀಳುತ್ತೆ, ರಾತ್ರಿವರೆಗೂ ಕೆಂಡ ಇರುತ್ತೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ನೆಲ ಹಿಡಿದು ತೆವಳುತ್ತೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳೋ ಪದಾರ್ಥ ಅದು. ಇದೆಲ್ಲಾ ನನಗೆ ಬಾಯಿಪಾಠ. ಕಬ್ಬಿಣದ ಉಳಿ ಬೇಡ ಅಂತ ಕಾಫಿ ಗೂಟ ಹುಡುಕಿದ ಜಾಣ ನಾನು. ಹತ್ತು ಹೆಜ್ಜೆ ಆಚೆ ಧಗಧಗ ಉರಿಯೋ ಒಲೆ ಕಾಣಲಿಲ್ಲ. ಅಮ್ಮನಿಗೆ ಮೂಗಿಗೆ ವಾಸನೆ ಬಂತಂತೆ. ಎರಡು ಕೊಡ ನೀರು ಸುರಿದಿದ್ದಳು.

ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳ್ತಿದೀನಿ, ಯಾಕಂದರೆ ಕಾಮೆಂಟ್‌ನಲ್ಲಿ 'ಇದೆಲ್ಲಾ ಮನೆಯಲ್ಲಿ ಮಾಡೋ ಕೆಲಸ ಅಲ್ಲ' ಅಂತ ಬರೆಯೋರು ಇದ್ದೇ ಇದ್ದೀರಿ. ಸರಿ, ಒಪ್ಪಿದೆ. ಒಲೆ ಇದ್ದ ಕಡೆ ಅಲ್ಲವೇ ಅಲ್ಲ. ಅಂಗಳಕ್ಕೆ ತಳ್ಳಿಕೊಂಡು ಹೋಗಿ, ಮರುದಿನ ಹಗಲಲ್ಲಿ, ಬೆಂಕಿ ಆರಿಸೋ ಪೌಡರ್ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡೇ ಮುಗಿಸಿದ್ದು. ಆದರೆ ಅಪಾಯ ಇದೆ ಅಂದರೆ 13,800 ಕೊಡಬೇಕು ಅಂತ ಅರ್ಥವಾ? ಟೈ ಹುಡುಗ ಹೇಳಿದ ಕಾರಣ ಅಪಾಯ ಅಲ್ಲವೇ ಅಲ್ಲ. 'ವಾರಂಟಿ ಇರುತ್ತೆ ಸಾರ್' ಅಂದ. ಬಿಲ್ಲಿನ ಹಿಂದೆ ಇರುವೆ ಅಕ್ಷರದಲ್ಲಿ ಓದಿದೆ: ಎಲೆಕ್ಟ್ರಿಕಲ್ ಪಾರ್ಟುಗಳಿಗೆ ವಾರಂಟಿ ಇಲ್ಲ. ಮೋಟರ್ ಎಲೆಕ್ಟ್ರಿಕಲ್ ಅಲ್ಲದೆ ಇನ್ನೇನು, ಆಯುರ್ವೇದಿಕ್ಕಾ?

ಮರುದಿನ ಡಬ್ಬ ಮೇಲೆತ್ತಿದಾಗ ಜಾಲರಿ ನೋಡಬೇಕಿತ್ತು ನೀವು. ಬಿಳಿ ಬಟ್ಟೆ ಇರಬೇಕಾದ್ದು, ಕಾಫಿ ಫಿಲ್ಟರ್ ತಳದ ಚರಟದ ಹಾಗೆ ಕಪ್ಪಗೆ ಕೂತಿತ್ತು. ಪಾಪದ ಮೋಟರ್ ಇದರ ಮೂಲಕ ಹೀರಿ ಹೀರಿ ಸೋತಿದೆ. ಜಾಲರಿಗೆ ಎಷ್ಟು ಗೊತ್ತಾ? 180 ರೂಪಾಯಿ.

ಇನ್ನೊಂದೂ ಹೇಳಿಬಿಡ್ತೀನಿ. ಆ ಮೋಟರ್ ತಣ್ಣಗಿರೋದು ಸುತ್ತ ಇರೋ ಪೆಟ್ರೋಲಿನಿಂದ. ನಮ್ಮ ಸಬ್‌ಮರ್ಸಿಬಲ್ ನೀರಲ್ಲಿ ತಣ್ಣಗಿರಲ್ವಾ, ಹಾಗೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಬಿಡುವಾಗ ಬೋರ್‌ವೆಲ್ ಮೋಟರ್ ನೀರಿಲ್ಲದೆ ತಿರುಗಬಾರದು ಅಂತ ನಾನೇ ಡ್ರೈ ರನ್ ಕಟಾಫ್ ಹಾಕಿಸಿದ್ದೀನಿ. ಅದೇ ನಾನು ವರ್ಷಗಟ್ಟಲೆ ಕಾರಿಗೆ ಇನ್ನೂರು, ಮುನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿಕೊಂಡು ಸದಾ ರಿಸರ್ವ್‌ನಲ್ಲೇ ಓಡಿಸಿದೆ. ಘಾಟಿ ಇಳಿಜಾರಿನಲ್ಲಿ ಇದ್ದಬದ್ದ ಪೆಟ್ರೋಲ್ ಒಂದು ಕಡೆ ಸರಿದಾಗ ಅದು ಎಷ್ಟು ಸಲ ಒಣಗಂಟಲಲ್ಲಿ ತಿರುಗಿತೋ. ಅಂದರೆ ಅದನ್ನ ಸಾಯಿಸಿದ್ದರಲ್ಲಿ ನನ್ನ ಪಾಲೂ ಇದೆ. ಇದನ್ನೂ ಯಾವ ಟೈ ಹುಡುಗನೂ ಹೇಳಲಿಲ್ಲ. ಹೇಳಿದರೆ ಮುಂದಿನ ಅಸೆಂಬ್ಲಿ ಯಾರು ಕೊಳ್ತಾರೆ?

ಹೊಸ ಮೋಟರ್ ಕೂರಿಸುವಾಗ ತೇಲುಕಡ್ಡಿ ಸ್ವಲ್ಪ ಬಗ್ಗಿಸಿಬಿಟ್ಟೆ. ಈಗ ಅರ್ಧ ಟ್ಯಾಂಕ್ ಇದ್ದಾಗಲೇ ಮುಳ್ಳು ಕೆಂಪಿಗೆ ಬಂದು ಕೂರುತ್ತೆ. ಹೆದರಿ ತುಂಬಿಸ್ತೀನಿ. ಬಂಕಿನ ಹುಡುಗ 'ಏನು ಸಾರ್, ಕಾಫಿ ರೇಟ್ ಜೋರಾ?' ಅಂತ ನಗ್ತಾನೆ. ನನ್ನ ಪಂಪ್ ಮಾತ್ರ ಜನ್ಮದಲ್ಲಿ ಮೊದಲ ಸಲ ತಂಪಾಗಿದೆ.

ಆ ನರ್ಸ್ ಹುಡುಗಿಗೆ ಇದನ್ನೆಲ್ಲಾ ಚುಟುಕಾಗಿ ಹೇಳಿದೆ. ಹೊರಗೆ ಮೋಟರ್ ಒಂದೇ ಹಾಕಿಸಿ, ಮೆಕ್ಯಾನಿಕ್ ನಾನು ತೋರಿಸ್ತೀನಿ ಅಂದೆ. ಕೇಳಿಸಿಕೊಂಡಳು. ಆಮೇಲೆ ಫೋನ್ ತೆಗೆದು ಸ್ಕ್ಯಾನ್ ಮಾಡಿ ಅಡ್ವಾನ್ಸ್ ಕಟ್ಟಿಬಿಟ್ಟಳು. 'ನಾಳೆ ಆರಕ್ಕೆ ಡ್ಯೂಟಿ ಅಂಕಲ್, ಅಷ್ಟು ಹೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ.' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವರ ವ್ಯಾಪಾರ ನಿಂತಿರೋದೂ ಆ ಆರು ಗಂಟೆ ಡ್ಯೂಟಿ ಮೇಲೇ. 'ಹಳೇ ಅಸೆಂಬ್ಲಿ ವಾಪಸ್ ಕೇಳಿ ಇಸ್ಕೋ, ಬಿಡಬೇಡ' ಅಂದೆ. ಟೈ ಹುಡುಗ 'ಅದು ಸ್ಕ್ರ್ಯಾಪ್‌ಗೆ ಹೋಗುತ್ತೆ ಸಾರ್' ಅಂದ. ಇನ್ನೂ ಬಿಚ್ಚೇ ಇಲ್ಲ, ಆಗಲೇ ಸ್ಕ್ರ್ಯಾಪ್‌ಗೆ!

ಮನೆಗೆ ಬಂದು ಜಗಲಿಯಲ್ಲಿ ಕೂತು ಇದನ್ನೇ ಕೂಗಾಡ್ತಿದ್ದೆ. ಅಮ್ಮ ಅಕ್ಕಿ ಆರಿಸ್ತಿದ್ದವಳು ತಲೆ ಎತ್ತಿದಳು.

'ಆ ಹುಡುಗಿ ಕಾರನ್ನೂ ಇಲ್ಲಿಗೇ ತರ್ತೀಯೇನೋ? ಈಗಲೇ ಹೇಳಿಬಿಡು, ಮೊದಲೇ ಸ್ನಾನ ಮಾಡ್ಕೊಂಡುಬಿಡ್ತೀನಿ.'