"ಒಂದ್ ಫೋಟೋ ಸಾಕಲ್ಲೇನ್ರಿ?"

"ಮುಂಗೈಗೆ ಎರಡೆರಡು ಫೋಟೋ ಯಾಕ್ರಿ, ಬಿಲ್ ಬೆಳಸಾಕೇನು?" ಇವತ್ತ ಮಧ್ಯಾಹ್ನ ಎಕ್ಸ್‌ರೇ ಖೋಲಿ ಬಾಗಿಲಾಗ ಮತ್ತ ಅದ ಮಾತು. ನನ್ನ ಸಿಟ್ಟು ನಿಮಗ ಗೊತ್ತದ. ಅಲ್ಲಿ ನುಂಗಿದ್ದನ್ನ ಇಲ್ಲಿ ಕಾರಾಕತ್ತೀನಿ.

ಫೋಟೋ ಅನ್ನೂ ಮಾತ ತಪ್ಪು. ಅದು ನೆರಳು. ಕಿರಣ ಮೈಯಾಗ ಹಾಯೂಮುಂದ ಎಲುಬಿನ ಕ್ಯಾಲ್ಸಿಯಂ ತಡೀತದ, ಅಲ್ಲಿ ಬೆಳ್ಳಗ ಬೀಳತದ. ಪುಪ್ಪುಸದ ಗಾಳಿ ತಡಿಯೂದಿಲ್ಲ, ಅಲ್ಲಿ ಕರ್ರಗ. ಮುಂದಿಂದು ಹಿಂದಿಂದು ಎಲ್ಲಾ ಒಂದರ ಮ್ಯಾಲ ಒಂದು ಕೂಡತದ. ನಮ್ಮ ಗೋಲಗುಮ್ಮಟದ ಎದುರು ನಿಂತ್ರ ಮುಂದಿನ ನಗಾರಖಾನೆ ಕಟ್ಟಡ ಅಡ್ಡ ಬರತದ, ಬದಿಗೆ ಹೋದ್ರನ ಪೂರ್ತಿ ಕಾಣೂದು. ಬೈಕಿಂದ ಬಿದ್ದು ಅಂಗೈ ಊರಿದವರ ಮುಂಗೈನೂ ಹಂಗ: ಎದುರಿನಿಂದ ನೆಟ್ಟಗ ಕಂಡ ಎಲುಬು 90 ಡಿಗ್ರಿ ಹೊಳ್ಳಿಸಿದ್ರ ಕೈ ಬೆನ್ನಿನ ಕಡಿ ಜಾರಿ ಕೂತಿರತದ. ಕೂಸು ನಾಣ್ಯ ನುಂಗಿದ್ರ ಅದು ಅನ್ನನಾಳದಾಗೋ ಶ್ವಾಸನಾಳದಾಗೋ ಅನ್ನೂದಕ್ಕ ಬದಿ ನೆರಳು ಬೇಕ ಬೇಕು.

ಎದೀದಂತೂ ಕೇಳಬ್ಯಾಡ್ರಿ. ಕಿರಣ ಬಿಡೂ ಟ್ಯೂಬಿಗೆ ಬೆನ್ನು ಮಾಡಿಸಿ 180 ಸೆಂ.ಮೀ. ದೂರ ನಿಲ್ಲಸೂದು ಚಂದಕ್ಕಲ್ಲ. ಹೃದಯ ಇರೂದು ಮುಂದ. ಎದಿ ಕ್ಯಾಸೆಟ್ಟಿಗೆ (ನೆರಳು ಹಿಡಿಯೂ ಹಲಗಿಗೆ) ಹತ್ತಿದ್ರ ನೆರಳು ಖರೇ ಅಳತಿಗೆ ಸಮೀಪ ಬೀಳತದ. ಹಾಸಿಗ್ಯಾಗ ಮಲಗಿಸಿ ಮುಂದಿಂದ ತಗದ್ರ ಸರಿ ಇದ್ದ ಹೃದಯನೂ ದೊಡ್ಡದು ಕಾಣತದ. ಉಸಿರು ಪೂರ್ತಿ ಎಳದು ಹಿಡೀರಿ ಅಂದ್ರ ಅರ್ಧಕ್ಕ ಬಿಡತಾರ. ವಪೆ (ಎದಿ-ಹೊಟ್ಟಿ ನಡುವಿನ ಪರದೆ) ಕೆಳಗ ಇಳೀದ ಪುಪ್ಪುಸದ ಬುಡ ಬೆಳ್ಳಗಾಗತದ, ನ್ಯುಮೋನಿಯಾ ಅನ್ನೂ ಹಂಗ. ಉಸಿರು ಪೂರ್ತಿ ಎಳದಿದ್ರ ಹಿಂದಿನ ಪಕ್ಕೆಲುಬು ಹತ್ತಾದ್ರೂ ಎಣಿಸಾಕ ಬರಬೇಕು. ತಾಯತ, ಸರ ತಗೀರಿ ಅಂದ್ರ ತಗೀತಾರ. ಜಡಿ ಮ್ಯಾಲ ಕಟ್ರಿ ಅಂದ್ರ ನಗತಾರ. ಆ ಜಡಿ ನೆರಳು ಬೀಳೂದು ಪುಪ್ಪುಸದ ತುದಿಗೆ, ಟಿ.ಬಿ. ಹುಡುಕೂ ಜಾಗಕ್ಕ!

"ಕಿರಣ ಮೈಗೆ ಕೆಟ್ಟಂತಲ್ರಿ?" ಬಸುರಿದ್ರ ಮೊದಲ ಹೇಳ್ರಿ, ಅದು ನ್ಯಾಯ. ಉಳಿದಂಗ ಎದಿ ಎಕ್ಸ್‌ರೇ ಒಂದಕ್ಕ ಸುಮಾರು 0.02 ಮಿಲಿಸೀವರ್ಟ್ (ಮೈಗೆ ಬೀಳೂ ಕಿರಣದ ಅಳತಿ); ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕ ಸರಾಸರಿ 2.4 ಪುಕಟ ಬರತದ, ಅದಕ್ಕ ಯಾರೂ ಜಗಳ ತಗಿಯೂದಿಲ್ಲ. ಕೈ ಅಲ್ಲಾಡಿಸಿ, ಚಿತ್ರ ಮಸಕಾಗಿ, ಮತ್ತ ತಗ್ಯೂದದಲ್ಲ, ಅದು ದಂಡ. ಹಂಗಂತ ನಮ್ಮವರೇನು ಸಾಚಾ ಅಲ್ಲ. ಎಡ-ಬಲದ ಗುರುತು ಇಡದ ಫಿಲ್ಮ್ ಕಂಡ್ರ ಮೈ ಉರೀತದ.

ಇನ್ನೊಂದು. ಹೆಬ್ಬೆರಳ ಬುಡದಾಗಿನ ಸ್ಕೆಫಾಯ್ಡ್ ಎಲುಬಿನ ಸೀಳು ಮೊದಲ ದಿನ ಎರಡೂ ನೆರಳಿನ್ಯಾಗ ಕಾಣದ ಇರಬಹುದು; ನೋವಿದ್ರ ಪ್ಲಾಸ್ಟರ್ ಹಾಕಿ, 10-14 ದಿನಕ್ಕ ಮತ್ತ ತಗೀತಾರ. ಆವತ್ತ "ಮೂರನೇ ಫೋಟೋ ಯಾಕ್ರಿ" ಅಂತ ಬರೂ ಮಂದಿಗೆ ಈ ಪೋಸ್ಟ್ ತೋರಸ್ರಿ. ನನ್ನ ಬಾಯಿ ನೊಂದದ.