ದೀಪದಿಂದ ಗೆರೆ ಚಾಚಿದರೆ ಕಣ್ಣು ಕೆಟ್ಟಿದೆಯೇ? ಸತ್ಯಾಂಶ ಇಲ್ಲಿದೆ

'ರಾತ್ರಿ ದೀಪದಿಂದ ಉದ್ದ ಗೆರೆಗಳು ಹೊರಟಂತೆ ಕಂಡರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ.' ಎರಡು ಫೋಟೋ ಜೋಡಿಸಿದ ಈ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅಸ್ಟಿಗ್ಮ್ಯಾಟಿಸಂ ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದೆ ನೋಟ ಮಸುಕಾಗುವ ದೋಷ. ಆದರೆ ವಿಷಯ ಅಷ್ಟು ಸರಳವಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ರಾತ್ರಿ ನಿಂತು ದೂರದ ದೋಣಿಯ ದೀಪ ನೋಡಿ. (ಕನ್ನಡಕವಿದ್ದರೆ ಮೊದಲು ಒರೆಸಿಕೊಳ್ಳಿ, ಕಡಲ ಗಾಳಿಯ ಉಪ್ಪು ಅಂಟಿರುತ್ತದೆ ಅಲ್ವಾ!) ಹೆಚ್ಚಿನವರಿಗೆ ಅದು ಚುಕ್ಕಿಯಾಗಿ ಕಾಣುವುದಿಲ್ಲ, ಮುಳ್ಳುಮುಳ್ಳಾಗಿ ಕಾಣುತ್ತದೆ. ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ. ಕಣ್ಣೊಳಗಿನ ಮಸೂರದ ಅಂಚಿನಿಂದಲೂ ಬೆಳಕು ಒಳಬರುತ್ತದೆ. ಮಸೂರದ ಎಳೆಗಳು ಕೂಡುವ ಕಡೆ ನಕ್ಷತ್ರದಂಥ ಹೊಲಿಗೆ ಗೆರೆಗಳಿವೆ. ಅವು ಬೆಳಕನ್ನು ಚದುರಿಸುತ್ತವೆ. ಎಲ್ಲರ ಕಣ್ಣಲ್ಲೂ ಇರುವಂಥದ್ದೇ ಇದು. ಕಣ್ಣು ಕಿರಿದು ಮಾಡಿದರೆ ರೆಪ್ಪೆಯಂಚಿನ ಕಣ್ಣೀರು ಮೇಲೆ ಕೆಳಗೆ ಇನ್ನೂ ಉದ್ದ ಗೆರೆ ಎಳೆಯುತ್ತದೆ. ಈಗ ತಲೆ ವಾಲಿಸಿ. ಗೆರೆಗಳೂ ವಾಲುತ್ತವೆ! ಅವು ಹುಟ್ಟಿದ್ದು ದೀಪದಲ್ಲಲ್ಲ, ನಿಮ್ಮ ಕಣ್ಣಲ್ಲಿ.

ಅಸ್ಟಿಗ್ಮ್ಯಾಟಿಸಂ ಇದ್ದವರಿಗೂ ದೀಪ ಎಳೆದಂತೆ ಕಾಣುವುದು ನಿಜ. ಆದರೆ ಫೋಟೋ ನೋಡಿ ಅದನ್ನು ಹೇಳಲಾಗದು, ಕಣ್ಣಿನ ಪರೀಕ್ಷೆಯೇ ಆಗಬೇಕು.

ದೀಪದ ಸುತ್ತ ಏಕಾಏಕಿ ಬಣ್ಣದ ಬಳೆ ಕಂಡು, ಜೊತೆಗೆ ಕಣ್ಣು ಕೆಂಪಾಗಿ ಜಾಸ್ತಿ ನೋಯುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ. ಅದು ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಗೆ ಹಾನಿ ಮಾಡುವ ಕಾಯಿಲೆ) ಇರಬಹುದು. ತಡಮಾಡದೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.